ಕೈಲಾಗದ ಮೇಲೆ ಬದುಕಿ ಏನು ಪ್ರಯೋಜನ?

ಪ್ರಶ್ನೆ: ನಮ್ಮದು ಮಂಗಳೂರಿನ ಹಳೇ ಬಾಸೆಲ್ ಮಿಶನ್ ಪ್ರೊಟೆಸ್ಟೆಂಟ್ ಕುಟುಂಬ. ಪಪ್ಪನಿಗೆ ಈಗ 78 ವರ್ಷ. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಭಾನುವಾರದ ಆರಾಧನೆಗೆ ಹಾರ್ಮೋನಿಯಂ ಅವರದ್ದೇ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ತೊದಲುತ್ತೆ, ಬುದ್ಧಿ ಚುರುಕಾಗಿದೆ. ದಿನಾ ಒಂದೇ ಮಾತು: “ದೇವರು ನನ್ನನ್ನು ಯಾಕೆ ಇನ್ನೂ ಇಟ್ಟಿದ್ದಾನೆ? ನಾನು ಯಾರಿಗೂ ಉಪಯೋಗವಿಲ್ಲ.” ಒಂದು ಪ್ರಾರ್ಥನಾ ಗುಂಪಿನವರು ಮನೆಗೆ ಬಂದು, ಮುಚ್ಚಿಟ್ಟ ಪಾಪ ಇದ್ದರೆ ಒಪ್ಪಿಕೊಳ್ಳಿ, ನಂಬಿಕೆ ಗಟ್ಟಿ ಇದ್ದರೆ ಮಾತ್ರೆ ಬೇಡ ಅಂದರು. ಆ ರಾತ್ರಿ ಪಪ್ಪ ಊಟ ಬಿಟ್ಟರು. ನೆಂಟರು “ಪರಲೋಕದಲ್ಲಿ ಎಲ್ಲಾ ಸರಿಯಾಗುತ್ತೆ ಬಿಡಿ” ಅಂತಾರೆ. ಮನುಷ್ಯನನ್ನು ದೇವರು ತನ್ನ ಸೇವೆಗಾಗಿ ಸೃಷ್ಟಿಸಿದ ಅಂತ ಸಂಡೇ ಸ್ಕೂಲಿನಲ್ಲಿ ಕಲಿತೆ. ಸೇವೆ ಮಾಡೋಕೆ ಆಗದವರ ಕಥೆ ಏನು? ನಿತ್ಯಜೀವ ಅಂದರೆ ಸತ್ತ ಮೇಲೆ ಕೊನೆಯಿಲ್ಲದೆ ಹಾಡುತ್ತಾ ಇರೋದಾ? ನಿಜ ಹೇಳಬೇಕಂದ್ರೆ ಅದನ್ನು ಕೇಳಿದರೆ ನನಗೆ ಆಸೆ ಹುಟ್ಟಲ್ಲ, ಭಯ ಆಗುತ್ತೆ. ಇನ್ನೊಂದು ವಿಷಯ, ನನ್ನ ಗಂಡ ಹಿಂದೂ. ಪಪ್ಪನ ಮೈ ಒರೆಸೋದು, ಡೈಪರ್ ಬದಲಿಸೋದು ಹೆಚ್ಚಾಗಿ ಅವರೇ. ಅವರಿಗೆ ಅಲ್ಲಿ ಜಾಗ ಇಲ್ವಾ? ಆ ಗುಂಪಿನವರು ಮತ್ತೆ ಬರ್ತೀವಿ ಅಂದಿದ್ದಾರೆ. ಬನ್ನಿ ಅನ್ನಲಾ, ಬೇಡ ಅನ್ನಲಾ?

ಉತ್ತರ: ನೀವು ಕೇಳಿರೋದು ಹಲವು ಪ್ರಶ್ನೆ. ಆದರೆ ಅಡಿಯಲ್ಲಿ ಇರೋದು ಎರಡೇ. ಮನುಷ್ಯ ಇರೋದು ಯಾತಕ್ಕೆ? ನಿತ್ಯಜೀವ ಅಂದರೆ ಏನು? ದೈವಶಾಸ್ತ್ರ ಕಲಿಸಿದವನಾಗಿ, ಸಭಾಪಾಲಕನಾಗಿ ಎಷ್ಟೋ ರೋಗಿಗಳ ಮಂಚದ ಪಕ್ಕ ಕೂತವನಾಗಿ ನಾನು ಕಂಡುಕೊಂಡಿದ್ದು ಇಷ್ಟು: ಕ್ರೈಸ್ತ ನಂಬಿಕೆಯಲ್ಲಿ ಈ ಎರಡಕ್ಕೂ ಉತ್ತರ ಒಂದೇ. ಆ ಉತ್ತರ ಹಿಡಿದರೆ ನಿಮ್ಮ ತಂದೆಯವರ ಮಾತಿಗೂ ಉತ್ತರ ಸಿಗುತ್ತೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಅವರನ್ನು ಡಾಕ್ಟರಿಗೆ ತೋರಿಸಿ. ಸ್ಟ್ರೋಕಿನ ಡಾಕ್ಟರ್ ಸರಿ, ಜೊತೆಗೆ ಮಾನಸಿಕ ಆರೋಗ್ಯದ ಡಾಕ್ಟರಿಗೂ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಮಿದುಳಿಗೆ ಆದ ಪೆಟ್ಟು ಒಂದು ಕಾರಣ, ಒಮ್ಮೆಲೇ ಕೈಕಾಲು ಕಳೆದುಕೊಂಡ ದುಃಖ ಇನ್ನೊಂದು. “ನಾನು ಯಾರಿಗೂ ಬೇಡ” ಅನ್ನೋದು ಖಿನ್ನತೆ ಆಡಿಸುವ ಮಾತೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಅಂತ ಬಾಯಿಬಿಟ್ಟು ಹೇಳಿದರೆ, ಅಥವಾ ಮತ್ತೆ ಊಟ, ಮಾತ್ರೆ ಬಿಟ್ಟರೆ ಕಾಯಬೇಡಿ. ಆ ಹೊತ್ತಿಗೆ ಡಾಕ್ಟರ್ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಸಭೆಗಳಲ್ಲಿ ಖಿನ್ನತೆಗೆ ವಚನ ಓದಿಸಿ ಸುಮ್ಮನಾಗೋದು ಜಾಸ್ತಿ.

ಇನ್ನು ಆ ಗುಂಪಿನವರ ಮಾತು. ಕಾಯಿಲೆ ಬಂದರೆ ಹಿಂದೆ ಪಾಪ ಇದ್ದೇ ಇರುತ್ತೆ ಅನ್ನೋ ಲೆಕ್ಕವನ್ನು ಯೇಸುವೇ ಒಪ್ಪಲಿಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಅನ್ನೋದು ಉತ್ತರ. ಇದು ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿದೆ. ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಜನ ಊರಿನ ಬೇರೆಯವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ? ಅಲ್ಲ ಅನ್ನುತ್ತಾನೆ ಯೇಸು. ಇದು ಲೂಕ 13ರಲ್ಲಿದೆ. ಎಲ್ಲಾ ಕಳಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರಂತೂ ಪುಟಗಟ್ಟಲೆ ಇದೇ ವಾದ ಮಾಡಿ ಕೊನೆಗೆ ದೇವರಿಂದಲೇ ಬೈಸಿಕೊಂಡರು.

ಆ ಗುಂಪಿನವರು ಯಾಕೋಬನ ಪತ್ರದ 5ನೇ ಅಧ್ಯಾಯ ಎತ್ತಿ ತೋರಿಸಿರುತ್ತಾರೆ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಅಲ್ಲಿದೆ. ಹೌದು, ಇದೆ. ನಾವೂ ಹಾಗೆ ಪ್ರಾರ್ಥಿಸುತ್ತೇವೆ. ಆದರೆ ಔಷಧಿ ಬಿಡು ಅಂತ ಅಲ್ಲಿಲ್ಲ. ಅನೇಕರನ್ನು ವಾಸಿಮಾಡಿದ ಅಪೊಸ್ತಲ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಮುಂದೆ ಹೋದ. ತ್ರೊಫಿಮನಿಗೆ ನಂಬಿಕೆ ಸಾಲದು ಅಂತ ಒಂದಕ್ಷರ ಬರೆಯಲಿಲ್ಲ. ಸ್ಟ್ರೋಕ್ ಆದವರು ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಬಿಟ್ಟರೆ ಇನ್ನೊಂದು ಸ್ಟ್ರೋಕಿಗೆ ದಾರಿ. ಮಾತ್ರೆ ಬಿಡಿಸುವ ಯಾರ ಮಾತನ್ನೂ ಮನೆಯೊಳಗೆ ಬಿಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. “ಮನುಷ್ಯನನ್ನು ದೇವರು ಸೇವೆಗಾಗಿ ಸೃಷ್ಟಿಸಿದ” ಅಂತ ನೀವು ಕಲಿತದ್ದು ಸುಳ್ಳಲ್ಲ, ಅರ್ಧ. ಕರಾವಳಿಯ ನಮ್ಮ ಕುಟುಂಬಗಳಿಗೆ ಈ ಅರ್ಧ ಪಾಠವೇ ಇಡೀ ಪಾಠ ಆಗಿದ್ದಕ್ಕೆ ಒಂದು ಚರಿತ್ರೆ ಇದೆ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರಿಗೆ ಹಳೇ ಜಾತಿಕಸುಬೂ ಹೋಯಿತು, ಊರಿನ ಆಸರೆಯೂ ಹೋಯಿತು. ಅವರಿಗೊಂದು ಹೊಟ್ಟೆಪಾಡು ಬೇಕಿತ್ತು. ಹಾಗಾಗಿ ನೇಯ್ಗೆ ಬಂತು, ಮುದ್ರಣ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಪ್ರಾರ್ಥನೆಯ ಜೊತೆ ದುಡಿಮೆ, ಹೊತ್ತಿಗೆ ಸರಿಯಾಗಿ ಕೆಲಸ, ಸೋಮಾರಿತನ ಪಾಪ. ಈ ಶಿಸ್ತು ನಮ್ಮ ಅಜ್ಜ ಅಜ್ಜಿಯರಿಗೆ ಅನ್ನ ಕೊಟ್ಟಿತು, ತಲೆ ಎತ್ತಿ ನಡೆಯೋ ಧೈರ್ಯ ಕೊಟ್ಟಿತು. ನಾನು ಅದನ್ನು ಹಗುರವಾಗಿ ಮಾತಾಡುವವನಲ್ಲ. ಆದರೆ ಅದೇ ಶಿಸ್ತು ಒಂದು ಅಳತೆಗೋಲನ್ನೂ ಮನೆಯೊಳಗೆ ಇಟ್ಟುಹೋಯಿತು. ದುಡಿಯುವ ಕೈಗೇ ಬೆಲೆ. ನಿಮ್ಮ ತಂದೆ ಈಗ ತಮ್ಮನ್ನು ಅಳೆದುಕೊಳ್ಳುತ್ತಾ ಇರೋದು ಆ ಕೋಲಿನಿಂದಲೇ.

ಬೈಬಲಿನ ಆದಿಕಾಂಡದ ಮೊದಲ ಪುಟ ಬೇರೆ ಮಾತು ಹೇಳುತ್ತೆ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದ ಅಂತ ಅಲ್ಲಿದೆ. ಮಣ್ಣಲ್ಲಿ ಕೆಲಸ ಮಾಡಲು ಒಬ್ಬ ಆಳು ಬೇಕಾಗಿತ್ತು ಅಂತ ಅಲ್ಲ. ಬಾಬೆಲಿನ ಹಳೇ ಕಥೆಗಳಲ್ಲಿ ಹಾಗಿದೆ, ದೇವತೆಗಳಿಗೆ ದುಡಿದು ಸಾಕಾಗಿ ಮನುಷ್ಯರನ್ನು ಮಾಡಿದರು ಅಂತ. ಇಸ್ರಾಯೇಲರ ಕಥೆ ಆ ದಾರಿ ಹಿಡಿಯಲಿಲ್ಲ. ಇನ್ನೊಂದು ವಿಷಯ ಗಮನಿಸಿ. ಮನುಷ್ಯ ಹುಟ್ಟಿದ್ದು ಆರನೇ ದಿನ. ಅವನ ಪಾಲಿಗೆ ಮೊದಲ ಇಡೀ ದಿನ ಅಂದರೆ ಏಳನೇ ದಿನ, ವಿಶ್ರಾಂತಿಯ ದಿನ. ಒಂದು ಕಡ್ಡಿ ಎತ್ತಿಡುವ ಮೊದಲೇ ಅವನು ದೇವರ ಜೊತೆ ಸುಮ್ನೆ ಕೂತಿದ್ದ. ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಇದನ್ನು ಒತ್ತಿ ಹೇಳುತ್ತಿದ್ದರು. ತೋಟ ನೋಡಿಕೋ, ಕಾಪಾಡು ಅನ್ನೋ ಕೆಲಸ ಎರಡನೇ ಅಧ್ಯಾಯದಲ್ಲಿ ಬರುತ್ತೆ. ಕೆಲಸ ಶಾಪವಲ್ಲ, ಒಳ್ಳೇದೇ. ಆದರೆ ಇಲ್ಲಿ ಇರಲು ಕಟ್ಟಬೇಕಾದ ಬಾಡಿಗೆ ಅಲ್ಲ.

ಮುಂದೆ ಸಭೆಗಳು ಇದನ್ನು ಒಂದೊಂದು ಥರ ಹೇಳಿದವು. ಕ್ಯಾಥೊಲಿಕರ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ, ಮನುಷ್ಯ ಇರೋದು ದೇವರನ್ನು ಸ್ತುತಿಸಿ, ಗೌರವಿಸಿ, ಸೇವಿಸಿ ಆ ಮೂಲಕ ರಕ್ಷಣೆ ಪಡೆಯಲು ಅಂದರು. ಇಲ್ಲಿ ಸೇವೆ ಇದೆ. 1647ರ ವೆಸ್ಟ್‌ಮಿನ್ಸ್ಟರ್ ಪ್ರಶ್ನೋತ್ತರದ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಏನು ಅಂತ. ದೇವರನ್ನು ಮಹಿಮೆಪಡಿಸುವುದು, ಆತನಲ್ಲಿ ಎಂದೆಂದೂ ಆನಂದಿಸುವುದು ಅನ್ನೋದು ಉತ್ತರ. ನನಗೆ ಜಾಸ್ತಿ ಹಿಡಿಸುವುದು ಇದು. ಇದನ್ನು ಬರೆದದ್ದು ಪ್ಯೂರಿಟನ್ನರು, ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರು. ಅವರು ಅಂದರೆ ನಗು ಮರೆತವರು ಅಂತ ಎಲ್ಲರ ಅನಿಸಿಕೆ. ಅಂಥವರೇ ಆನಂದ ಅನ್ನೋದನ್ನು ಮೊದಲ ಉತ್ತರದಲ್ಲಿ ಇಟ್ಟರು. ಎರಡನೇ ಶತಮಾನದ ಬಿಷಪ್ ಇರೆನೇಯಸ್ ಇನ್ನೂ ನೇರ: ದೇವರ ಮಹಿಮೆ ಅಂದರೆ ಜೀವ ತುಂಬಿದ ಮನುಷ್ಯ, ಮನುಷ್ಯನ ಜೀವ ಅಂದರೆ ದೇವರನ್ನು ಕಾಣೋದು.

ಹಾಗಾದರೆ ಕೈ ಬಿದ್ದವರ ಕಥೆ? ಶುಭ ಶುಕ್ರವಾರ ಪ್ರತಿವರ್ಷ ಓದುವ ಒಂದು ಸಾಲು ನಮ್ಮ ಕಿವಿಗೆ ಅಭ್ಯಾಸವಾಗಿ ಅದರ ಬಿಸಿ ತಟ್ಟುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ. ಅವನು ಇನ್ನು ಯಾರಿಗೂ ಸೇವೆ ಮಾಡುವ ಹಾಗಿಲ್ಲ. ಕದ್ದದ್ದನ್ನು ವಾಪಸ್ ಕೊಡುವ ಹಾಗಿಲ್ಲ. ಕಾಣಿಕೆ ಹಾಕುವ ಹಾಗಿಲ್ಲ. ಸಭೆಗೆ ಒಂದು ದಿನ ಬರುವ ಹಾಗೂ ಇಲ್ಲ. ಎರಡೂ ಕೈ ಶಿಲುಬೆಗೆ ಬಿಗಿದಿದೆ. ಅವನಿಗೆ ಉಳಿದಿದ್ದು ಪಕ್ಕಕ್ಕೆ ತಿರುಗಿ, ನನ್ನನ್ನು ನೆನಸಿಕೋ ಅನ್ನೋದೊಂದೇ. “ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ” ಅನ್ನೋ ಮಾತು ನಾಲ್ಕು ಸುವಾರ್ತೆಗಳಲ್ಲಿ ಅವನೊಬ್ಬನಿಗೆ ಸಿಕ್ಕಿದ್ದು. ನಿಮ್ಮ ತಂದೆಗೆ ನಾನಾಗಿದ್ದರೆ ಲೂಕ 23ನ್ನೇ ಓದಿ ಹೇಳುತ್ತಿದ್ದೆ, ವ್ಯಾಖ್ಯಾನ ಇಲ್ಲದೆ.

ಆ ವಾಕ್ಯದಲ್ಲಿ “ನನ್ನ ಸಂಗಡ” ಅಂತ ಇದೆಯಲ್ಲ, ನಿತ್ಯಜೀವ ಅಂದರೆ ಅದೇ. ನಮ್ಮಲ್ಲಿ ಬಹಳ ಜನ ನಿತ್ಯಜೀವವನ್ನು ಗಲ್ಫ್ ವೀಸಾದ ಹಾಗೆ ನೋಡುತ್ತಾರೆ. ಒಮ್ಮೆ ಸ್ಟ್ಯಾಂಪ್ ಬಿತ್ತು ಅಂದರೆ ಮುಗೀತು, ಇನ್ನು ವಿಮಾನದ ತಾರೀಕು ಕಾಯೋದು. ಈ ಮನೆ, ಈ ಮೈ, ಈ ಊರು ಎಲ್ಲಾ ಬರೀ ಕಾಯೋ ಕೋಣೆ. ನಿಮ್ಮ ನೆಂಟರು ಸಮಾಧಾನ ಹೇಳೋದೂ ಇದೇ ಧಾಟಿಯಲ್ಲಿ. ಆದರೆ ಯೋಹಾನ 17:3ರಲ್ಲಿ ಯೇಸು ಪ್ರಾರ್ಥಿಸುತ್ತಾ ನಿತ್ಯಜೀವ ಏನು ಅಂತ ತಾನೇ ಹೇಳುತ್ತಾನೆ: ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದವನನ್ನೂ ತಿಳಿಯುವುದು. ಎಷ್ಟು ವರ್ಷ ಅನ್ನೋ ಲೆಕ್ಕ ಅಲ್ಲಿಲ್ಲ, ಯಾವ ಜಾಗ ಅನ್ನೋದೂ ಇಲ್ಲ. ಯೋಹಾನ 5:24ರಲ್ಲಿ, ನಂಬುವವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಅಂತ ಇದೆ. ಆಗಲೇ. ಅಂದರೆ ಹಾರ್ಮೋನಿಯಂ ನುಡಿಸುವಾಗ ನಿಮ್ಮ ತಂದೆಗೆ ದೇವರ ಜೊತೆ ಏನು ಇತ್ತೋ ಅದೇ ನಿತ್ಯಜೀವದ ಶುರು. ಅದು ಸ್ಟ್ರೋಕಿನಿಂದ ನಿಲ್ಲಲ್ಲ. ಸಾವಿನಿಂದಲೂ ನಿಲ್ಲಲ್ಲ ಅನ್ನೋದು ನಮ್ಮ ನಂಬಿಕೆ. ಮನುಷ್ಯ ಯಾತಕ್ಕಾಗಿ ಇದ್ದಾನೋ ಅದು ಮುಗಿಯದೆ ಮುಂದುವರಿಯುವುದೇ ನಿತ್ಯಜೀವ. ಮೊದಲು ಹೇಳಿದೆನಲ್ಲ, ಎರಡಕ್ಕೂ ಉತ್ತರ ಒಂದೇ ಅಂತ, ಅದು ಇದು.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಮೈ ಅನ್ನೋದು ಬಿಟ್ಟುಹೋಗುವ ಚಿಪ್ಪು, ಆತ್ಮ ಮಾತ್ರ ಮೇಲೆ ಹಾರಿಹೋಗುತ್ತೆ ಅಂತ ಕ್ರೈಸ್ತರೇ ಎಷ್ಟೋ ಜನ ಮಣ್ಣಿನ ದಿನ ಮಾತಾಡುತ್ತಾರೆ. ಅದು ಹೆಚ್ಚಾಗಿ ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಯೋಚನೆ. ನಾವು ಭಾನುವಾರ ಎದ್ದುನಿಂತು ಹೇಳೋ ವಿಶ್ವಾಸ ಪ್ರಮಾಣದಲ್ಲಿ ಇರೋದು ಶರೀರದ ಪುನರುತ್ಥಾನ, ಅಂದರೆ ಸತ್ತ ಮೈ ಮತ್ತೆ ಎದ್ದುಬರೋದು. ಎದ್ದುಬಂದ ಯೇಸುವಿನ ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತು. ಶಿಷ್ಯರು ಭೂತ ಅಂದುಕೊಂಡಾಗ, ತಿನ್ನಲು ಏನಾದರೂ ಇದೆಯಾ ಅಂತ ಕೇಳಿ ಅವರೆದುರೇ ಸುಟ್ಟ ಮೀನಿನ ತುಂಡು ತಿಂದ. ಆಮೇಲೊಂದು ಬೆಳಿಗ್ಗೆ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ರಾತ್ರಿಯೆಲ್ಲಾ ಬಲೆ ಹಾಕಿ ಬಂದವರನ್ನು ತಿಂಡಿಗೆ ಕರೆದ. ಮೀನಿಲ್ಲದೆ ಊಟ ಇಳಿಯದ ಊರಿನವರು ನಾವು, ಈ ಕಥೆ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗಬೇಕು. ನಿಮ್ಮ ತಂದೆಯ ಬಲಗೈ ಕಸವಲ್ಲ. ದೇವರು ಅದನ್ನೂ ಬಿಟ್ಟುಕೊಡುವುದಿಲ್ಲ ಅನ್ನೋದು ಕ್ರೈಸ್ತರ ನಿರೀಕ್ಷೆ. ನಿಮ್ಮ ಗಂಡ ಆ ಮೈಯನ್ನು ಒರೆಸುತ್ತಾರಲ್ಲ, ಅವರು ಮುಟ್ಟುತ್ತಿರುವುದು ದೇವರಿಗೆ ಬೇಕಾದ ಮೈ.

ಸತ್ತವರು ಪುನರುತ್ಥಾನದವರೆಗೆ ಎಲ್ಲಿರುತ್ತಾರೆ ಅನ್ನೋದರಲ್ಲಿ ಸಭೆಗಳು ಒಂದಾಗಿಲ್ಲ. ಪ್ರೊಟೆಸ್ಟೆಂಟ್ ಸುಧಾರಕರಲ್ಲೇ ಲೂಥರ್ ಹಲವು ಕಡೆ ನಿದ್ದೆ ಅಂದರು, ಕ್ಯಾಲ್ವಿನ್ ಅದನ್ನು ಒಪ್ಪದೆ ಒಂದು ಪುಸ್ತಕವನ್ನೇ ಬರೆದರು. ಕ್ಯಾಥೊಲಿಕರು ಶುದ್ಧೀಕರಣದ ಸ್ಥಿತಿ ಇದೆ ಅಂತಾರೆ, ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ನಾವು ಪ್ರೊಟೆಸ್ಟೆಂಟರು ಅದನ್ನು ಒಪ್ಪಿಲ್ಲ. ಕ್ರಿಸ್ತನ ಕೈಯಲ್ಲಿದ್ದಾರೆ ಅನ್ನೋದರಲ್ಲಿ ಎಲ್ಲರೂ ಒಂದೇ. ನಿಮ್ಮ ಮನೆಯ ಸಂಕಟಕ್ಕೆ ಅಷ್ಟು ಸಾಕು.

ಕೊನೆಯಿಲ್ಲದ ಹಾಡು ಅಂದರೆ ಭಯ ಅಂದಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2007ರಲ್ಲಿ 16ನೇ ಬೆನೆಡಿಕ್ಟ್ ಪೋಪರೇ ನಿರೀಕ್ಷೆಯ ಬಗ್ಗೆ ಬರೆದ ಪರಿಪತ್ರದಲ್ಲಿ ಈ ಪ್ರಶ್ನೆ ಎತ್ತಿದರು. ಕೊನೆಯಿಲ್ಲದೆ ಬದುಕುತ್ತಾ ಹೋಗೋದು ವರಕ್ಕಿಂತ ಶಾಪದ ಹಾಗೆ ಕಾಣುತ್ತೆ ಅಂತ ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ನಿತ್ಯಜೀವ ಅಂದರೆ ಕ್ಯಾಲೆಂಡರಿನ ಹಾಳೆ ಮುಗಿಯದೆ ಇರೋದಲ್ಲ, ಮೊದಲು ಆಮೇಲೆ ಅನ್ನೋದೇ ಇಲ್ಲದ ಪ್ರೀತಿಯಲ್ಲಿ ಮುಳುಗೋದು ಅನ್ನುತ್ತಾರೆ. ನಾಲ್ಕನೇ ಶತಮಾನದ ಬಿಷಪ್, ನಿಸ್ಸ ಊರಿನ ಗ್ರೆಗೊರಿ, ಬೇರೆ ದಾರಿ ಹಿಡಿದ. ದೇವರಿಗೆ ಕೊನೆ ಇಲ್ಲ, ಹಾಗಾಗಿ ಆತನನ್ನು ತಿಳಿಯೋದಕ್ಕೂ ಕೊನೆ ಇಲ್ಲ, ದಿನಾ ಹೊಸದು ಸಿಗುತ್ತಲೇ ಇರುತ್ತೆ ಅಂದ. ಬೈಬಲಿನಲ್ಲೂ ಹಾಡು ಒಂದೇ ಚಿತ್ರವಲ್ಲ. ಯೆಶಾಯ 65ರಲ್ಲಿ ಜನ ಮನೆ ಕಟ್ಟಿ ತಾವೇ ವಾಸ ಮಾಡುತ್ತಾರೆ, ತೋಟ ಹಾಕಿ ತಾವೇ ಹಣ್ಣು ತಿನ್ನುತ್ತಾರೆ. ಪ್ರಕಟನೆ 21ರಲ್ಲಿ ಮನುಷ್ಯರು ಮೇಲೆ ಹೋಗೋದಲ್ಲ, ದೇವರ ಪಟ್ಟಣವೇ ಕೆಳಗೆ ಇಳಿದು ಬರುತ್ತೆ. ಅದರ ಬಾಗಿಲು ಮುಚ್ಚೋದೇ ಇಲ್ಲ. ನೀವು ಇಷ್ಟಪಡದೆ ಇದ್ದದ್ದು ಬಡಕಲಾದ ಒಂದು ಚಿತ್ರವನ್ನು. ನನಗೂ ಅದು ಇಷ್ಟವಿಲ್ಲ.

ಈಗ ನಿಮ್ಮ ಗಂಡನ ವಿಷಯ. ಇದನ್ನು ಸಿಹಿ ಹಚ್ಚಿ ಹೇಳಲ್ಲ. ಕ್ರಿಸ್ತನನ್ನು ಬಾಯಿಂದ ಒಪ್ಪಿಕೊಳ್ಳದವರಿಗೆ ರಕ್ಷಣೆ ಇಲ್ಲ ಅನ್ನೋ ಬೋಧನೆ ಚರಿತ್ರೆಯಲ್ಲಿ ಬಲವಾಗಿಯೇ ಇದೆ. ಇವತ್ತೂ ಅನೇಕ ಸಭೆಗಳು ಅದನ್ನೇ ಕಲಿಸುತ್ತವೆ. ನನ್ನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರಲ್ಲ ಅಂತ ಯೇಸು ಹೇಳುವ ಯೋಹಾನ 14:6 ಅವರಿಗೆ ಆಧಾರ. ಇನ್ನೊಂದು ಕಡೆ, 1964ರಲ್ಲಿ ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಮಾತು ಹೇಳಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಗೆ ಸರಿಯಾಗಿ ನಡೆಯುವವರೂ ದೇವರ ಕೃಪೆಯಿಂದ ರಕ್ಷಣೆ ಪಡೆಯಬಹುದು ಅಂದಿತು. ಪ್ರೊಟೆಸ್ಟೆಂಟರಲ್ಲೂ ಹೀಗೆ ನಿರೀಕ್ಷೆ ಇಡುವವರು ಇದ್ದಾರೆ. ಕ್ರಿಸ್ತನಿಂದಲೇ ರಕ್ಷಣೆ ಅಂತ ನಾನು ನಂಬುತ್ತೇನೆ. ಆದರೆ ಆತನ ಕೈ ಎಲ್ಲಿಯವರೆಗೆ ಚಾಚುತ್ತೆ ಅಂತ ಗೆರೆ ಎಳೆಯೋ ಕೆಲಸ ನನಗೆ ಯಾರೂ ಕೊಟ್ಟಿಲ್ಲ. ಕಾಲ ಬರುವ ಮೊದಲೇ ತೀರ್ಪು ಮಾಡಬೇಡಿ ಅಂತ ಪೌಲ ಕೊರಿಂಥದವರಿಗೆ ಬರೆದ. ಸಂತರ ಪಟ್ಟಿ ಇಟ್ಟಿರುವ ರೋಮನ್ ಸಭೆ ಕೂಡ ಇಂಥವರು ನರಕದಲ್ಲಿದ್ದಾರೆ ಅಂತ ಒಬ್ಬರ ಹೆಸರನ್ನೂ ಇದುವರೆಗೆ ಸಾರಿಲ್ಲ.

ಮತ್ತಾಯ 25ರಲ್ಲಿ ಅರಸ, ನಾನು ಕಾಯಿಲೆ ಬಿದ್ದಾಗ ನೋಡಿಕೊಂಡಿರಿ ಅಂತ ಕೆಲವರಿಗೆ ಹೇಳುತ್ತಾನೆ. ಅವರು, ಸ್ವಾಮೀ, ನಿನ್ನನ್ನು ಯಾವಾಗ ನೋಡಿಕೊಂಡೆವು ಅಂತ ಆಶ್ಚರ್ಯಪಡುತ್ತಾರೆ. ಇದರ ಅರ್ಥದ ಬಗ್ಗೆ ಪಂಡಿತರಲ್ಲಿ ಜಗಳ ಇದೆ. ಡೈಪರ್ ಬದಲಿಸುವ ಅಳಿಯನ ವಿಷಯ ಕೇಳಿದಾಗ ಮಾತ್ರ ನನಗೆ ನೆನಪಾಗೋದು ಇದೇ ಅಧ್ಯಾಯ. ಒಂದು ಎಚ್ಚರಿಕೆ. ಭಯದಿಂದ ಅವರನ್ನು ದೀಕ್ಷಾಸ್ನಾನಕ್ಕೆ ಒತ್ತಾಯಿಸಬೇಡಿ. ನಿಮಗೆ ಬೇಕಾಗಿ ತಗೊಂಡ ಸ್ನಾನ ಅವರದ್ದೂ ಆಗಲ್ಲ, ದೇವರದ್ದೂ ಆಗಲ್ಲ. ನಡುವೆ ನಿಮ್ಮ ಸಂಸಾರಕ್ಕೆ ಬಿರುಕು ಬರುತ್ತೆ.

ಇನ್ನು ಪಪ್ಪನಿಗೆ ಏನು ಹೇಳೋದು? “ಬೇಗ ಪರಲೋಕಕ್ಕೆ ಹೋಗ್ತೀರಿ” ಅನ್ನೋ ಸಮಾಧಾನದಲ್ಲಿ ಒಂದು ಅಪಾಯ ಇದೆ. ಹೇಳುವವರಿಗೆ ಅದು ನಿರೀಕ್ಷೆ. ಮಲಗಿದವರ ಕಿವಿಗೆ, ನಿಮ್ಮನ್ನು ಕಳಿಸೋಕೆ ನಾವು ತಯಾರು ಅಂತ ಕೇಳಿಸುತ್ತೆ. “ಛೆ, ಹಾಗೆಲ್ಲಾ ಮಾತಾಡಬಾರದು” ಅಂತ ಬಾಯಿ ಮುಚ್ಚಿಸಿದರೆ ಅವರು ಹೇಳೋದು ನಿಲ್ಲಿಸುತ್ತಾರೆ, ನೋವು ನಿಲ್ಲಲ್ಲ. ವಾದ ಮಾಡಿ ಗೆಲ್ಲೋದೂ ಬೇಡ. ಕೀರ್ತನೆ 71 ಓದಿ. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ ಅಂತ ಒಬ್ಬ ಮುದುಕ ದೇವರ ಎದುರೇ ಗೋಳಾಡುತ್ತಾನೆ. ಕೀರ್ತನೆ 88 ಇನ್ನೂ ಕತ್ತಲೆ, ಕೊನೆಗೂ ಬೆಳಕು ಬರಲ್ಲ. ಅದು ಬೈಬಲಿನಲ್ಲಿ ಹಾಗೇ ಉಳಿದಿದೆ. ಯಾಕೆ ಇಟ್ಟಿದ್ದೀಯ ಅಂತ ದೇವರನ್ನು ಕೇಳೋದು ನಂಬಿಕೆ ಕಳಕೊಂಡದ್ದಕ್ಕೆ ಗುರುತಲ್ಲ, ಅದೂ ಪ್ರಾರ್ಥನೆಯೇ ಅಂತ ಅವರಿಗೆ ಗೊತ್ತಾಗಲಿ.

ಹಾರ್ಮೋನಿಯಂ ಮನೆಯಲ್ಲೇ ಇದ್ದರೆ ಹೊರಗೆ ತೆಗೆಯಿರಿ. ತಿದಿ ಒತ್ತೋದು ಎಡಗೈ ತಾನೇ? ಮನೆಯಲ್ಲಿ ಯಾರಿಗಾದರೂ ಸ್ವಲ್ಪ ಕೀ ಒತ್ತಲು ಬಂದರೆ ಅವರು ರಾಗ ಹಿಡಿಯಲಿ, ಪಪ್ಪ ಗಾಳಿ ಕೊಡಲಿ. ಫಿಸಿಯೋಥೆರಪಿಸ್ಟನ್ನು ಒಂದು ಮಾತು ಕೇಳಿಕೊಳ್ಳಿ. ಆದರೆ “ನೋಡಿ, ನೀವು ಈಗಲೂ ಉಪಯೋಗಕ್ಕೆ ಬರ್ತೀರಿ” ಅಂತ ಮಾತ್ರ ಹೇಳಬೇಡಿ. ಹಳೇ ಅಳತೆಗೋಲು ಮತ್ತೆ ಕೈಗೆ ಕೊಟ್ಟ ಹಾಗಾಗುತ್ತೆ. ಖುಷಿಗೆ ಹಾಡಿ. ಅವರಿಗೆ ಮನಸ್ಸಿಲ್ಲದ ದಿನ ಬಿಟ್ಟುಬಿಡಿ. ನಿಮ್ಮ ಸಭಾಪಾಲಕರಿಗೆ ಹೇಳಿ ಕರ್ತನ ಭೋಜನ, ಅಂದರೆ ಸಭೆಯಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ, ಮನೆಗೆ ತರಿಸಿ. ಅದನ್ನು ಕೇಳಲು ಸಂಕೋಚ ಬೇಡ, ಅದು ಅವರ ಕೆಲಸ. ಮತ್ತೆ ವಾರಕ್ಕೆ ಅರ್ಧ ದಿನವಾದರೂ ನೀವಿಬ್ಬರೂ ರೋಗಿಯ ಕೋಣೆಯಿಂದ ಹೊರಗೆ ಬನ್ನಿ. ಸಭೆಯ ಹೆಂಗಸರ ಸಂಘದವರನ್ನೋ ಯುವಕರನ್ನೋ ಕೂರಲು ಕೇಳಿ. ವಿಶ್ರಾಂತಿಯ ದಿನ ಸೇವೆ ಮಾಡುವವರಿಗೂ ಇದೆ.

ಆ ಪ್ರಾರ್ಥನಾ ಗುಂಪಿನವರಿಗೆ ಬರಬೇಡಿ ಅಂತ ಒರಟಾಗಿ ಹೇಳಬೇಕಿಲ್ಲ. ಅವರಲ್ಲೂ ಹೆಚ್ಚಿನವರು ಒಳ್ಳೇ ಮನಸ್ಸಿನಿಂದಲೇ ಬರುತ್ತಾರೆ. ಬಾಗಿಲಲ್ಲೇ ಮೂರು ಮಾತು ಹೇಳಿ. ಹಾಡಿ, ಓದಿ, ಪ್ರಾರ್ಥಿಸಿ, ಕಾಲು ಗಂಟೆ ಸಾಕು. ಪಾಪದ ವಿಚಾರಣೆ ಬೇಡ. ಮಾತ್ರೆಯ ಮಾತು ಎತ್ತಲೇಬೇಡಿ. ಒಪ್ಪಿದರೆ ಒಳಗೆ ಕರೆದು ಚಾ ಕೊಡಿ. ಒಪ್ಪದಿದ್ದರೆ ಅವರವರ ಮನೆಯಲ್ಲೇ ಕೂತು ಪ್ರಾರ್ಥನೆ ಮಾಡಲಿ, ದೇವರಿಗೆ ಅಲ್ಲಿಂದಲೂ ಕೇಳಿಸುತ್ತೆ.